ಹೊರಡುವ ಮುನ್ನವೇ ಮರಳುವ ಸಿದ್ಧತೆ

ವಿದೇಶಕ್ಕೆ ಓದಲು ಹೊರಡುವವರಲ್ಲಿ ಎರಡು ಬಗೆಯವರಿದ್ದಾರೆ. ಪದವಿಯನ್ನೇ ಅಲ್ಲಿ ಪಡೆಯಲು ಹೋಗುವವರು ಒಂದು ಬಗೆ. ಊರಿನ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರನ್ನು ಉಳಿಸಿಕೊಂಡೇ, ಒಂದೋ ಎರಡೋ ಸೆಮಿಸ್ಟರ್ ಮಟ್ಟಿಗೆ ಬೇರೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳಿ, ಪರೀಕ್ಷೆ ಬರೆದು, ಗಳಿಸಿದ ಕ್ರೆಡಿಟ್‌ಗಳನ್ನು ಕಟ್ಟಿಕೊಂಡು ಹಿಂದಿರುಗುವವರು ಇನ್ನೊಂದು ಬಗೆ. ಈ ಎರಡನೆಯವರೇ ವಿನಿಮಯ ವಿದ್ಯಾರ್ಥಿಗಳು. ಬಂಧುಗಳ ಕಣ್ಣಿಗೆ ಇಬ್ಬರೂ ಒಂದೇ. ಅದೇ ಸೂಟ್‌ಕೇಸು, ಅದೇ ವೀಸಾ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅದೇ ಕಣ್ಣೀರು. ಇಬ್ಬರ ಸಿದ್ಧತೆಯೂ ಒಂದೇ ಎಂದು ಭಾವಿಸುವುದರಿಂದಲೇ ತೊಂದರೆ ಆರಂಭವಾಗುತ್ತದೆ.

ದಕ್ಷಿಣ ಜರ್ಮನಿಯ ನಮ್ಮ ಊರಿಗೆ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಂದ ಕೆಲವು ಮಕ್ಕಳು ಹೀಗೆ ಬಂದಿಳಿಯುತ್ತಾರೆ. ಕನ್ನಡ ಕೂಟದ ದಸರಾ ಕಾರ್ಯಕ್ರಮದಲ್ಲಿ ಮೊದಲ ಭೇಟಿ. ವೀಸಾ, ವಿಮೆ, ಕೊಠಡಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸಿಕೊಂಡು ಬಂದ ಜಾಣರೇ ಹೆಚ್ಚು. ಆದರೆ "ಇಲ್ಲಿ ಓದಿದ್ದು ಅಲ್ಲಿ ಯಾವ ವಿಷಯಕ್ಕೆ ಜಮೆಯಾಗುತ್ತದೆ?" ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. "ನಮ್ಮ ವಿಭಾಗದ ಮುಖ್ಯಸ್ಥರು ನೋಡಿಕೊಳ್ಳೋಣ ಅಂದಿದ್ದಾರೆ" ಎಂಬ ಉತ್ತರವೇ ಸಾಮಾನ್ಯ. ಆ 'ನೋಡಿಕೊಳ್ಳೋಣ' ಎಂಬ ಒಂದು ಮಾತಿನ ಮೇಲೆ ಮಗುವಿನ ಒಂದು ವರ್ಷ ನಿಂತಿರುತ್ತದೆ ಎಂಬುದು ಮನೆಯವರಿಗೆ ತಿಳಿದಿರುವುದಿಲ್ಲ.

ಮೊದಲು ಪಂಚಾಂಗದ ವಿಚಾರ. ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಚಳಿಗಾಲದ ಪಾಠಗಳು ಅಕ್ಟೋಬರ್ ಮಧ್ಯದಲ್ಲಿ ಆರಂಭವಾಗಿ ಫೆಬ್ರವರಿ ಮೊದಲ ಭಾಗದಲ್ಲಿ ಮುಗಿಯುತ್ತವೆ, ಅನಂತರ ಪರೀಕ್ಷೆಗಳು. ನಮ್ಮ ಕಾಲೇಜುಗಳಲ್ಲಾದರೋ ಆ ಹೊತ್ತಿಗೆ ಮುಂದಿನ ಸೆಮಿಸ್ಟರ್‌ನ ಪಾಠಗಳು ಶುರುವಾಗಿರುತ್ತವೆ. ಬೇಸಿಗೆ ಸೆಮಿಸ್ಟರ್ ಆರಿಸಿಕೊಂಡರೂ ಬಿಡುಗಡೆಯಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿಗೆ ಬರುವವರು ಅಲ್ಲಿನ ಸೆಮಿಸ್ಟರನ್ನು ನಡುವೆಯೇ ಬಿಟ್ಟು ಬರಬೇಕು. ಎರಡು ಗಡಿಯಾರಗಳು ಕೂಡುವುದೇ ಇಲ್ಲ. ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳು ಒಂದು ತಿಂಗಳು ಮುಂಚೆ, ಅಂದರೆ ಸೆಪ್ಟೆಂಬರ್ ಮತ್ತು ಮಾರ್ಚ್‌ಗಳಲ್ಲಿ, ತಮ್ಮ ಸೆಮಿಸ್ಟರ್ ಆರಂಭಿಸುವುದರಿಂದ ಸ್ವಲ್ಪ ಅನುಕೂಲ. ಮಾನ್‌ಹೈಮ್ ವಿಶ್ವವಿದ್ಯಾಲಯ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಪಾಠ ಮುಗಿಸುವ ಬೇರೆಯೇ ಪದ್ಧತಿಯನ್ನು ಇಟ್ಟುಕೊಂಡಿದೆ. ಕಾಲೇಜಿಗೆ ಒಂದಕ್ಕಿಂತ ಹೆಚ್ಚು ಸಹಭಾಗಿ ವಿಶ್ವವಿದ್ಯಾಲಯಗಳಿದ್ದರೆ, ಹೆಸರಿನ ಹೊಳಪಿಗಿಂತ ಈ ದಿನಾಂಕಗಳನ್ನು ನೋಡಿ ಆರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಯಾವ ಸೆಮಿಸ್ಟರ್‌ನಲ್ಲಿ ಹೋಗಬೇಕೆಂಬುದೂ ಇದರೊಂದಿಗೇ ತೀರ್ಮಾನವಾಗಬೇಕು. ಎಂಟು ಸೆಮಿಸ್ಟರ್‌ಗಳ ಬಿ.ಇ. ಪದವಿಯಲ್ಲಿ ಏಳನೆಯದು ಕ್ಯಾಂಪಸ್ ಸಂದರ್ಶನಗಳ ಕಾಲ. ಕಂಪನಿಗಳು ಕಾಲೇಜಿಗೆ ಬಂದು ಕುಳಿತಿರುವಾಗ ವಿದ್ಯಾರ್ಥಿ ಹಿಮದ ಫೋಟೊ ತೆಗೆಯುತ್ತಿದ್ದರೆ ಆ ನಷ್ಟವನ್ನು ಯಾವ ಅಂಕಪಟ್ಟಿಯೂ ತುಂಬಿಕೊಡದು. ಐದನೆಯ ಸೆಮಿಸ್ಟರ್‌ನಲ್ಲಿ ಹೋಗಿಬಂದವರು ಆ ಅನುಭವವನ್ನೇ ಸಂದರ್ಶನದಲ್ಲಿ ಹೇಳಿಕೊಳ್ಳಬಲ್ಲರು. ಅಂದರೆ ಅರ್ಜಿಯ ಕೆಲಸ ಎರಡನೆಯ ವರ್ಷದಲ್ಲೇ ಆರಂಭವಾಗಬೇಕು. ಕಾಲೇಜು ನಾಮನಿರ್ದೇಶನ ಮಾಡಿ, ಅಲ್ಲಿಂದ ಒಪ್ಪಿಗೆ ಪತ್ರ ಬಂದು, ವೀಸಾ ಕೈಸೇರುವಷ್ಟರಲ್ಲಿ ತಿಂಗಳುಗಳು ಉರುಳಿರುತ್ತವೆ.

ಇನ್ನು ಆ ಮುಖ್ಯ ಕಾಗದ. ಅದನ್ನು ಲರ್ನಿಂಗ್ ಅಗ್ರಿಮೆಂಟ್ ಎನ್ನುತ್ತಾರೆ. ಕಲಿಕೆಯ ಒಪ್ಪಂದ ಎನ್ನೋಣ. ಇಲ್ಲಿ ಓದುವ ಇಂಥ ವಿಷಯ, ಇಷ್ಟು ಕ್ರೆಡಿಟ್; ಅದು ಊರಿನ ಕಾಲೇಜಿನ ಇಂಥ ವಿಷಯಕ್ಕೆ ಬದಲಾಗಿ ಸಲ್ಲುತ್ತದೆ ಎಂದು ಬರೆದು ವಿದ್ಯಾರ್ಥಿ, ಊರಿನ ಕಾಲೇಜು, ಆತಿಥೇಯ ವಿಶ್ವವಿದ್ಯಾಲಯ ಮೂವರೂ ಸಹಿ ಮಾಡುವ ಪತ್ರ. ಯುರೋಪಿನ ಲೆಕ್ಕದಲ್ಲಿ ಒಂದು ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್, ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಗೆಲಸ, ಪರೀಕ್ಷೆಯ ಓದು ಎಲ್ಲ ಸೇರಿ 25ರಿಂದ 30 ಗಂಟೆಗಳ ಶ್ರಮ. ನಮ್ಮಲ್ಲಿ ಕ್ರೆಡಿಟ್ ಎಣಿಸುವುದು ವಾರದ ತರಗತಿಗಳ ಮೇಲೆ. ಹೀಗಾಗಿ ಇಲ್ಲಿನ 6 ಕ್ರೆಡಿಟ್‌ನ ವಿಷಯ ಅಲ್ಲಿ 3ಕ್ಕೆ ಸಮವೋ 4ಕ್ಕೆ ಸಮವೋ ಎಂಬುದು ತಾನಾಗಿ ತೀರ್ಮಾನವಾಗುವ ಗಣಿತವಲ್ಲ. ಎರಡು ಕಡೆಯವರು ಕುಳಿತು ಒಪ್ಪಬೇಕಾದ ಮಾತು. ಹೊರಡುವ ಮೊದಲೇ ಅದು ಬರಹದಲ್ಲಿರಬೇಕು.

ಬರಹದಲ್ಲಿದ್ದರೂ ಸಾಲದು. ಇಲ್ಲಿಗೆ ಬಂದ ಮೇಲೆ, ಆರಿಸಿದ ವಿಷಯ ಈ ಬಾರಿ ನಡೆಯುತ್ತಿಲ್ಲವೆಂದೋ, ಜರ್ಮನ್ ಭಾಷೆಯಲ್ಲಷ್ಟೇ ನಡೆಯುತ್ತದೆಂದೋ, ಎರಡು ತರಗತಿಗಳ ವೇಳೆ ಡಿಕ್ಕಿ ಹೊಡೆಯುತ್ತದೆಂದೋ ತಿಳಿಯುವುದು ತೀರಾ ಸಾಮಾನ್ಯ. ಆಗ ವಿಷಯ ಬದಲಿಸಬೇಕು. ಬದಲಿಸಿದ್ದಕ್ಕೆ ಮೂವರ ಸಹಿಯುಳ್ಳ ತಿದ್ದುಪಡಿ ಬೇಕು. ನಾನು ಬಲ್ಲ ಒಬ್ಬ ಹುಡುಗಿ, ಹಾಸನ ಕಡೆಯವಳು, ಬಂದ ಎರಡನೆಯ ವಾರದಲ್ಲಿ ಎರಡು ವಿಷಯಗಳನ್ನು ಬದಲಿಸಿಕೊಂಡಳು. ಊರಿನ ಅಧ್ಯಾಪಕರೊಬ್ಬರು ಫೋನಿನಲ್ಲಿ "ಆಯಿತಮ್ಮ, ಪರವಾಗಿಲ್ಲ" ಎಂದರು. ಆಕೆ ಚೆನ್ನಾಗಿಯೇ ಓದಿದಳು, ಒಳ್ಳೆಯ ಅಂಕಗಳೂ ಬಂದವು. ಹಿಂದಿರುಗುವ ಹೊತ್ತಿಗೆ ಆ ಅಧ್ಯಾಪಕರು ಬೇರೆ ಕಾಲೇಜಿಗೆ ಹೋಗಿದ್ದರು. ಹೊಸಬರ ಎದುರಿಗಿದ್ದದ್ದು ಹಳೆಯ ಒಪ್ಪಂದ ಮತ್ತು ಅದಕ್ಕೆ ಹೊಂದದ ಅಂಕಪಟ್ಟಿ. ಬಿಟ್ಟುಹೋದ ಆ ಎರಡು ವಿಷಯಗಳನ್ನು ಕಿರಿಯರ ಜೊತೆ ಕುಳಿತು ಓದಿ, ಪದವಿಯನ್ನು ತನ್ನ ಸಹಪಾಠಿಗಳಿಗಿಂತ ಒಂದು ವರ್ಷ ತಡವಾಗಿ ಪಡೆದಳು. ಶುಲ್ಕದ ಮಾತಿರಲಿ, ಆಕೆಯ ತಂದೆ ನಿವೃತ್ತಿಯ ಅಂಚಿನಲ್ಲಿದ್ದರು, ಕೈಗೆ ಬಂದಿದ್ದ ಕೆಲಸವೂ ಕಾಯಲಿಲ್ಲ. ಒಂದು ಇಮೇಲ್ ಕಳುಹಿಸಿ, ಅದಕ್ಕೆ ಲಿಖಿತ ಒಪ್ಪಿಗೆ ಪಡೆದಿದ್ದರೆ ಮುಗಿಯುತ್ತಿದ್ದ ಕೆಲಸವದು. ಇಮೇಲ್‌ಗೆ ವಿಭಾಗದ ಮುಖ್ಯಸ್ಥರಷ್ಟೇ ಅಲ್ಲ, ಪರೀಕ್ಷಾ ವಿಭಾಗದವರೂ ಪ್ರಾಂಶುಪಾಲರೂ ಸೇರಿರಲಿ. ವ್ಯಕ್ತಿಗಳು ಬದಲಾಗುತ್ತಾರೆ, ಕಡತ ಉಳಿಯುತ್ತದೆ.

ಅಂಕಗಳ ಬಗ್ಗೆಯೂ ಎರಡು ಮಾತು. ಜರ್ಮನಿಯಲ್ಲಿ 1.0 ಶ್ರೇಷ್ಠ, 4.0 ತೇರ್ಗಡೆಯ ಕೊನೆಯ ಮೆಟ್ಟಿಲು, 5.0 ಅನುತ್ತೀರ್ಣ. "ಒಂದೂ ಕಾಲು ಬಂದಿದೆ" ಎಂದು ಮಗ ಹೇಳಿದ ದಿನ ಊಟ ಬಿಟ್ಟ ತಾಯಂದಿರಿದ್ದಾರೆ. ಪರದೇಶದ ಅಂಕಗಳನ್ನು ಜರ್ಮನ್ ಮಾಪನಕ್ಕೆ ಇಳಿಸಲು ಇಲ್ಲಿ ಬವೇರಿಯನ್ ಸೂತ್ರವೆಂಬುದು ಬಳಕೆಯಲ್ಲಿದೆ. ಹತ್ತರ ಮಾಪನದಲ್ಲಿ 4 ತೇರ್ಗಡೆಯಾಗಿರುವ ಕಾಲೇಜು ಅದನ್ನೇ ತಿರುಗಿಸಿ ಬಳಸಿದರೆ ಇಲ್ಲಿನ 2.0 ಅಲ್ಲಿನ 8ಕ್ಕೆ ಸಮ, 1.3 ಎಂದರೆ 9.4. ಆದರೆ ಕಾಲೇಜು ಈ ಸೂತ್ರವನ್ನೇ ಬಳಸುತ್ತದೆಯೋ, ಕೇವಲ 'ಉತ್ತೀರ್ಣ' ಎಂದು ದಾಖಲಿಸಿ ಸರಾಸರಿಯಿಂದ ಹೊರಗಿಡುತ್ತದೆಯೋ ಎಂಬುದು ಮೊದಲೇ ಗೊತ್ತಿರಬೇಕು. ಸರಾಸರಿ ಅಂಕಗಳನ್ನೇ ನೋಡುವ ಕಂಪನಿಗಳ ಮುಂದೆ ಇದರಿಂದ ವ್ಯತ್ಯಾಸವಾಗುತ್ತದೆ.

ಇನ್ನೊಂದು ವ್ಯತ್ಯಾಸವನ್ನು ನಮ್ಮ ಮಕ್ಕಳು ತಡವಾಗಿ ಅರಿಯುತ್ತಾರೆ. ಇಲ್ಲಿ ಅನೇಕ ಉಪನ್ಯಾಸಗಳಿಗೆ ಹಾಜರಿ ಕೂಗುವುದಿಲ್ಲ, ಆಂತರಿಕ ಅಂಕಗಳಿಲ್ಲ, ಎಚ್ಚರಿಸುವ ಕಿರುಪರೀಕ್ಷೆಗಳೂ ಇರುವುದಿಲ್ಲ. ನಾಲ್ಕು ತಿಂಗಳ ಓದಿಗೆ ಕೊನೆಯ ಒಂದೇ ಪರೀಕ್ಷೆ. ಆ ಪರೀಕ್ಷೆಗೂ ಗೊತ್ತುಪಡಿಸಿದ ದಿನದೊಳಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು; ವಿಷಯಕ್ಕೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಸೇರಿದಂತಾಗದು. ಅವಧಿ ಮೀರಿದರೆ ಎಷ್ಟು ಓದಿದ್ದರೂ ಒಳಗೆ ಬಿಡುವುದಿಲ್ಲ. ಕೈಮುಗಿದರೆ ಕರಗುವ ಗುಮಾಸ್ತರು ಈ ದೇಶದಲ್ಲಿ ವಿರಳ.

ಹೆಸರಿನ ತೊಡಕು ಕರ್ನಾಟಕದವರನ್ನು ವಿಶೇಷವಾಗಿ ಕಾಡುತ್ತದೆ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಇನಿಷಿಯಲ್‌ಗಳು. ಒಂದು ಊರಿನದು, ಒಂದು ತಂದೆಯದು. ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ. ಪಾಸ್‌ಪೋರ್ಟ್‌ನಲ್ಲಿ ಕುಟುಂಬನಾಮದ ಜಾಗ ಖಾಲಿ. ಜರ್ಮನಿಯ ಯಾವ ಅರ್ಜಿಯೂ ಆ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಪರಿಣಾಮವಾಗಿ ವಿಶ್ವವಿದ್ಯಾಲಯದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು, ವಿಮೆಯಲ್ಲಿ ಮತ್ತೊಂದು. ಅಜ್ಜನ ಊರು ಕುಟುಂಬನಾಮವಾಗಿ, ಅಪ್ಪನ ಹೆಸರು ಮಗಳ ಹೆಸರಾಗಿ ದಾಖಲಾಗುತ್ತದೆ. ಇಲ್ಲಿಂದ ಹೋಗುವ ಅಂಕಪಟ್ಟಿಯ ಹೆಸರು ಊರಿನ ಕಾಲೇಜಿನ ದಾಖಲೆಗೆ ಹೊಂದದಿದ್ದರೆ ಮತ್ತೆ ಅಲೆದಾಟ. ಸಾಧ್ಯವಿರುವವರು ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಅಂಕಣಗಳನ್ನು ತುಂಬಿಸುವುದು ಒಳ್ಳೆಯದು. ಈಗಾಗಲೇ ಇರುವವರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ, ಅಕ್ಷರ ಬಿಡದೆ, ಎಲ್ಲ ಅರ್ಜಿಗಳಲ್ಲೂ ಬರೆಯಲಿ. ಎರಡು ರೂಪದ ಹೆಸರುಗಳೂ ಒಬ್ಬರವೇ ಎಂದು ತಿಳಿಸುವ ಪತ್ರವೊಂದನ್ನು ಕಾಲೇಜಿನಿಂದ ಪಡೆದಿಟ್ಟುಕೊಳ್ಳಲಿ.

ಹಣದ ಲೆಕ್ಕವನ್ನು ಬಂಧುಗಳು ಹೆಚ್ಚು ಕೇಳುತ್ತಾರೆ. ವಿನಿಮಯ ಒಪ್ಪಂದದಡಿ ಬರುವವರು ಇಲ್ಲಿ ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ವಿಧಿಸುತ್ತಿದ್ದರೂ ಒಪ್ಪಂದದ ವಿನಿಮಯ ವಿದ್ಯಾರ್ಥಿಗಳಿಗೆ ವಿನಾಯಿತಿಯಿದೆ. ಆದರೆ ಊರಿನ ಕಾಲೇಜಿನ ಶುಲ್ಕ ತಪ್ಪುವುದಿಲ್ಲ. ವೀಸಾಕ್ಕಾಗಿ ನಿರ್ಬಂಧಿತ ಖಾತೆಯಲ್ಲಿ ಜೀವನ ವೆಚ್ಚವನ್ನು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಆರು ತಿಂಗಳಿಗಾದರೆ 5,952 ಯೂರೋ; ಯೂರೋ ನೂರು ರೂಪಾಯಿಯ ಆಸುಪಾಸಿನಲ್ಲಿರುವಾಗ ಹತ್ತಿರಹತ್ತಿರ ಆರು ಲಕ್ಷ. ಈ ಹಣ ಶುಲ್ಕವಲ್ಲ, ಮಗುವಿನದೇ ಹಣ. ಇಲ್ಲಿಗೆ ಬಂದ ಮೇಲೆ ತಿಂಗಳಿಗಿಷ್ಟು ಎಂದು ಬಿಡುಗಡೆಯಾಗುತ್ತದೆ. ಆದರೆ ಖಾತೆ ತೆರೆದುಕೊಳ್ಳಲು ಮೊದಲ ಕೆಲವು ವಾರ ಹಿಡಿಯುವುದರಿಂದ ಅಷ್ಟರ ಮಟ್ಟಿಗೆ ಬೇರೆ ಹಣ ಕೈಯಲ್ಲಿರಬೇಕು. ಕೊಠಡಿಯ ಮುಂಗಡ, ಸೆಮಿಸ್ಟರ್ ವಂತಿಗೆ, ಹಾಸಿಗೆ ಹೊದಿಕೆ ಎಲ್ಲವೂ ಆ ದಿನಗಳಲ್ಲೇ ಎದುರಾಗುತ್ತವೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದೆಂಬ ನಿಯಮವನ್ನು ನಂಬಿ, "ಅಲ್ಲೇ ದುಡಿದುಕೊಳ್ಳುತ್ತಾನೆ" ಎಂದು ಲೆಕ್ಕ ಹಾಕುವವರಿದ್ದಾರೆ. ಒಂದೇ ಸೆಮಿಸ್ಟರ್‌ಗೆ ಬರುವ, ಭಾಷೆ ಬಾರದ ಹುಡುಗನಿಗೆ ಕೆಲಸ ಹುಡುಕುವಷ್ಟರಲ್ಲೇ ಹೊರಡುವ ದಿನ ಬಂದಿರುತ್ತದೆ. ಆ ಲೆಕ್ಕವನ್ನು ಕೈಬಿಡುವುದೇ ಲೇಸು.

ಆರೋಗ್ಯ ವಿಮೆಯಿಲ್ಲದೆ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸುವುದಿಲ್ಲ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಮೆ ದೊರೆಯುತ್ತದೆ. ತಿಂಗಳಿಗೆ ಸುಮಾರು 140–150 ಯೂರೋ. ಭಾರತದಲ್ಲಿ ಕೊಂಡ ಪ್ರಯಾಣ ವಿಮೆ ಬಂದಿಳಿದ ದಿನದಿಂದ ಈ ವಿಮೆ ಆರಂಭವಾಗುವವರೆಗಿನ ಸೇತುವೆ ಮಾತ್ರ.

ಈಗ ಸೂಟ್‌ಕೇಸಿಗೆ ಬರೋಣ, ಏಕೆಂದರೆ ಮನೆಮಂದಿಯೆಲ್ಲ ಕೂಡಿ ಮಾಡುವ ಸಿದ್ಧತೆ ಇದೊಂದೇ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ಎಂದರೆ ಅಮ್ಮ ಕಾಯಿಸಿದ ತುಪ್ಪಕ್ಕೆ ಪ್ರವೇಶವಿಲ್ಲ; ಖೋವಾದ ಪೇಡೆಯನ್ನು ನಂಬಿ ಕೂರುವಂತಿಲ್ಲ. ಹಸಿ ಕರಿಬೇವು, ಮಾವಿನಕಾಯಿಗಳಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ವಿಚಿತ್ರವೆಂದರೆ ತೆಂಗಿನಕಾಯಿಗೂ ಬಾಳೆಹಣ್ಣಿಗೂ ಈ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ಆದರೆ ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದವರೇ ತಡೆಯುತ್ತಾರೆ. ಹುರಿದು ಪುಡಿಮಾಡಿದ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳು ನಿರಾತಂಕವಾಗಿ ಬರುತ್ತವೆ. ಅಕ್ಕಿ, ಬೇಳೆ ಹೊರಬೇಡಿ, ಇಲ್ಲಿ ಎಲ್ಲೆಡೆ ಸಿಗುತ್ತವೆ. ದಪ್ಪ ಕೋಟನ್ನೂ ಇಲ್ಲಿಯೇ ಕೊಳ್ಳುವುದು ಮೇಲು. ಬೆಂಗಳೂರಿನ ಅಂಗಡಿಯಲ್ಲಿ 'ಹಿಮಕ್ಕೂ ಆಗುತ್ತದೆ' ಎಂದು ಮಾರುವ ಸ್ವೆಟರ್ ನವೆಂಬರ್ ದಾಟುವುದಿಲ್ಲ. ನಿತ್ಯದ ಔಷಧಿಗಳಿದ್ದರೆ ವೈದ್ಯರ ಚೀಟಿಯೊಂದಿಗೆ ತರಬೇಕು. ಅಡುಗೆಮನೆಯ ವಿಚಾರದಲ್ಲಿ ಒಂದು ಎಚ್ಚರಿಕೆ: ವಿದ್ಯಾರ್ಥಿನಿಲಯಗಳ ಚಾವಣಿಯಲ್ಲಿ ಹೊಗೆ ಪತ್ತೆಹಚ್ಚುವ ಯಂತ್ರಗಳಿರುತ್ತವೆ. ಒಣಮೆಣಸಿನಕಾಯಿಯ ಒಗ್ಗರಣೆಗೂ ಬೆಂಕಿಗೂ ಅವು ವ್ಯತ್ಯಾಸ ಮಾಡುವುದಿಲ್ಲ. ಕಿಟಕಿ ತೆರೆದು ಒಗ್ಗರಣೆ ಹಾಕುವುದನ್ನು ಊರಿನಲ್ಲೇ ಅಭ್ಯಾಸ ಮಾಡಿಸಿ.

ಬಂದ ಮೇಲೆ ಮೊದಲ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಕೊಟ್ಟವರ ದೃಢೀಕರಣ ಪತ್ರ ಇದಕ್ಕೆ ಅಗತ್ಯ. ಈ ದೇಶ ಇಂದಿಗೂ ಅಂಚೆಯನ್ನು ನೆಚ್ಚಿಕೊಂಡಿದೆ. ವಿಮೆಯ ಕಾರ್ಡು, ಬ್ಯಾಂಕಿನ ಗುಪ್ತಸಂಖ್ಯೆ, ಕಚೇರಿಯ ಕರೆಪತ್ರ ಎಲ್ಲವೂ ಅಂಚೆಯಲ್ಲೇ ಬರುತ್ತವೆ. ಕೊಠಡಿ ಸಂಖ್ಯೆ ಬರೆದರೆ ಸಾಕೆಂಬ ನಮ್ಮ ರೂಢಿ ಇಲ್ಲಿ ಸಾಗದು. ಅಂಚೆಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವನು ಕಾಗದವನ್ನು ಹಿಂದಕ್ಕೆ ಒಯ್ಯುತ್ತಾನೆ. ಬೀಗದಕೈ ಪಡೆದ ದಿನವೇ ಹೆಸರಿನ ಚೀಟಿ ಅಂಟಿಸಬೇಕು. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಪ್ರಸಾರ ವಂತಿಗೆ ಕೇಳುವ ಕಾಗದವೂ ಬರುತ್ತದೆ. ಟಿ.ವಿ. ಇಲ್ಲವೆಂದು ಅದನ್ನು ಬದಿಗಿಟ್ಟರೆ ದಂಡ ಸೇರುತ್ತಾ ಹೋಗುತ್ತದೆ.

ಈ ಕಾಗದಗಳೆಲ್ಲ ಜರ್ಮನ್ ಭಾಷೆಯಲ್ಲಿರುತ್ತವೆ. ಪಾಠ ಇಂಗ್ಲಿಷಿನಲ್ಲಿ ನಡೆಯುವುದರಿಂದ ಭಾಷೆ ಬೇಡವೆಂಬುದು ತರಗತಿಯ ಬಾಗಿಲವರೆಗಿನ ಮಾತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಡೆಯೋ ಎ1 ಹಂತವನ್ನಾದರೂ ಮುಗಿಸಿ ಬಂದವರ ಮೊದಲ ತಿಂಗಳೇ ಬೇರೆ. ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮಗೆ ಕೊಟ್ಟ ಫರ್ಡಿನೆಂಡ್ ಕಿಟೆಲ್ ತೀರಿಕೊಂಡದ್ದು ಇದೇ ನಾಡಿನ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಅವರಂತೆ ದಶಕಗಟ್ಟಲೆ ಭಾಷೆಗೆ ದುಡಿಯಬೇಕೆಂದು ಯಾರೂ ಕೇಳುವುದಿಲ್ಲ. ರೈಲಿನ ಪ್ರಕಟಣೆ ಅರ್ಥವಾದರೆ ಸಾಕು.

ಮನೆಯಲ್ಲಿ ಉಳಿಯುವವರಿಗೂ ಸಿದ್ಧತೆಯಿದೆ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ ಗಂಟೆ ಇಲ್ಲಿನ ಗಡಿಯಾರ ಹಿಂದಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಆ ತಿಂಗಳುಗಳಲ್ಲಿ ಮಕ್ಕಳ ದನಿ ಕುಗ್ಗುವುದುಂಟು. "ಊಟ ಆಯಿತಾ" ಎಂಬುದರ ಜೊತೆಗೆ "ಇವತ್ತು ಹೊರಗೆ ಹೋಗಿದ್ದೆಯಾ" ಎಂದೂ ಕೇಳಿ. ಮಗುವಿನ ಭಾರತದ ಮೊಬೈಲ್ ಸಂಖ್ಯೆಗೆ ರೀಚಾರ್ಜ್ ನಿಲ್ಲಿಸಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಕಾಲೇಜಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಲು, ಅರ್ಜಿ ಸಲ್ಲಿಸಲು ಮನೆಯವರೊಬ್ಬರ ಹೆಸರಿಗೆ ಅಧಿಕಾರ ಪತ್ರ ಬರೆಸಿಟ್ಟುಕೊಳ್ಳಿ. ಮುಂದಿನ ಸೆಮಿಸ್ಟರ್‌ನ ನೋಂದಣಿಯ ದಿನ ವಿದ್ಯಾರ್ಥಿ ಇನ್ನೂ ಇಲ್ಲಿ ಪರೀಕ್ಷೆ ಬರೆಯುತ್ತಿರುವ ಸಂಭವವೇ ಹೆಚ್ಚು.

ಹೊರಡುವ ಕೆಲಸಗಳು ಹೊರಡುವ ವಾರದಲ್ಲಿ ಮುಗಿಯುವಂಥವಲ್ಲ. ಕೊಠಡಿ ಬಿಡುವ ಸೂಚನೆಯನ್ನು ಕರಾರಿನಲ್ಲಿರುವಷ್ಟು ತಿಂಗಳು ಮೊದಲೇ ಕೊಡಬೇಕು. ವಿಳಾಸದ ನೋಂದಣಿಯನ್ನು ರದ್ದುಪಡಿಸಿ ಆಬ್‌ಮೆಲ್ಡುಂಗ್ ಎಂಬ ಪತ್ರ ಪಡೆಯಬೇಕು. ಪ್ರಸಾರ ವಂತಿಗೆ, ವಿಮೆಗಳನ್ನು ನಿಲ್ಲಿಸಲು ಅದು ನೆರವಾಗುತ್ತದೆ. ಬ್ಯಾಂಕ್ ಖಾತೆಯನ್ನು ಮಾತ್ರ ಅವಸರದಿಂದ ಮುಚ್ಚಬಾರದು, ಏಕೆಂದರೆ ಕೊಠಡಿಯ ಮುಂಗಡ ಹಿಂದಿರುಗುವುದು ವಾರಗಳ ನಂತರ. ಅಧಿಕೃತ ಅಂಕಪಟ್ಟಿಯೂ ಅಷ್ಟೇ. ಫೆಬ್ರವರಿಯಲ್ಲಿ ಬರೆದ ಪರೀಕ್ಷೆಯ ಫಲಿತಾಂಶಗಳೆಲ್ಲ ಸೇರಿ ಅದು ಸಿದ್ಧವಾಗುವ ಹೊತ್ತಿಗೆ ವಿದ್ಯಾರ್ಥಿ ಊರು ಸೇರಿರುತ್ತಾನೆ. ವಿಮಾನ ಹತ್ತುವ ಮೊದಲು ಅಂತರರಾಷ್ಟ್ರೀಯ ವಿಭಾಗದ ಕಚೇರಿಗೆ ಹೋಗಿ, ಅಂಕಪಟ್ಟಿಯನ್ನು ತನಗೂ ಊರಿನ ಕಾಲೇಜಿನ ಪರೀಕ್ಷಾ ವಿಭಾಗಕ್ಕೂ ನೇರವಾಗಿ ಕಳುಹಿಸುವಂತೆ ಬರೆದುಕೊಟ್ಟು ಬರಲಿ. ವಿಳಾಸದ ಕೊನೆಯಲ್ಲಿ ಪಿನ್‌ಕೋಡ್ ಜೊತೆಗೆ 'ಇಂಡಿಯಾ' ಎಂದು ಬರೆಯಲು ಮರೆಯದಿರಲಿ.